ನೂರು ವರ್ಷ ಆಡಿದರೂ ಚಕ್ರವರ್ತಿ ಆಗಿಲ್ಲ, ನನ್ನ ಆಟದ ಶೈಲಿಯೇ ತಪ್ಪಾ?

ಪ್ರಶ್ನೆ: ನಮ್ಮ ಮನೆ ಶಿರಸಿ ಹತ್ತಿರ. ಹೋದ ಮಳೆಗಾಲದಲ್ಲಿ ದೊಡ್ಡಪ್ಪನ ಮಗನ ಜೊತೆ ‘ಕ್ರುಸೇಡರ್ ಕಿಂಗ್ಸ್ 3’ ಅನ್ನುವ ಕಂಪ್ಯೂಟರ್ ಆಟ ಶುರು ಮಾಡಿದೆ. ಇಬ್ಬರೂ 1066ರಲ್ಲಿ ಚಾಲುಕ್ಯರ ಕೆಳಗಿನ ಸಣ್ಣ ಸಾಮಂತರಾಗಿ, ಅವರವರ ಲ್ಯಾಪ್‌ಟಾಪ್‌ನಲ್ಲಿ ಆಡುತ್ತೇವೆ. ಅಣ್ಣ ಒಂದು ಯುದ್ಧ ಮುಗಿಯುವುದರೊಳಗೆ ಇನ್ನೊಂದು ಶುರು ಮಾಡುತ್ತಾನೆ. ನಾನು ಮದುವೆ ಸಂಬಂಧ ಕುದುರಿಸುವುದು, ಕಟ್ಟಡ ಕಟ್ಟುವುದು, ಮಕ್ಕಳನ್ನು ಓದಿಸುವುದು, ಇದರಲ್ಲೇ ಇರುತ್ತೇನೆ. 1166ಕ್ಕೆ ಬಂದರೂ ನಂದು ಚಿಕ್ಕ ರಾಜ್ಯವೇ. ಅರಸ ಸತ್ತಾಗಲೆಲ್ಲ ಅಣ್ಣನದು ಒಡೆಯುತ್ತದೆ, ನಂದೂ ಒಡೆಯುತ್ತದೆ. ‘ನಿಂದು ಆಟ ಅಲ್ಲ, ಸೊಸೈಟಿ ಲೆಕ್ಕಪತ್ರ’ ಅಂತ ಅಣ್ಣ ನಗುತ್ತಾನೆ. ಯೂಟ್ಯೂಬ್‌ನಲ್ಲಿ ಆಡುವವರೂ ಅವನ ಹಾಗೇ ಆಡುತ್ತಾರೆ. ನನ್ನ ಶೈಲಿ ಬದಲಿಸಬೇಕಾ?

ಉತ್ತರ: ಬದಲಿಸಬೇಡಿ. ಆದರೆ ನಿಮ್ಮ ಪತ್ರದಲ್ಲಿ ನೀವೇ ಹಾರಿಸಿಕೊಂಡು ಹೋದ ಒಂದು ಮಾತಿದೆ: ‘ನಂದೂ ಒಡೆಯುತ್ತದೆ’. ಕೇಳಬೇಕಾದ ಪ್ರಶ್ನೆ ಅದು. ಯುದ್ಧದ ತಂಟೆಗೇ ಹೋಗದವನ ರಾಜ್ಯ ಯಾಕೆ ಒಡೆಯಬೇಕು?

ಈ ಆಟದಲ್ಲಿ ಇಂಥದ್ದು ಮಾಡಿದರೆ ಗೆದ್ದ ಹಾಗೆ ಅಂತ ಎಲ್ಲೂ ಬರೆದಿಟ್ಟಿಲ್ಲ. ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿ 2020ರಲ್ಲಿ ಇದನ್ನು ಬಿಡುಗಡೆ ಮಾಡಿದಾಗ 867 ಇಲ್ಲವೇ 1066ರಲ್ಲಿ ಶುರು ಮಾಡಬಹುದಿತ್ತು. ಆಮೇಲೆ 1178 ಕೂಡ ಸೇರಿತು. ಮುಗಿಯುವುದು 1453ಕ್ಕೆ. ಅಷ್ಟರೊಳಗೆ ಪಟ್ಟಕ್ಕೆ ಕೂರಿಸಲು ನಿಮ್ಮ ವಂಶದವರು ಯಾರೂ ಉಳಿಯದಿದ್ದರೆ ಸೋಲು. ನೀವು ಆಡುವುದು ಒಂದು ದೇಶವನ್ನಲ್ಲ, ಒಬ್ಬ ಮನುಷ್ಯನನ್ನು. ಅವನು ಸತ್ತರೆ ಅವನ ವಾರಸುದಾರನಾಗಿ ಮುಂದುವರಿಯುತ್ತೀರಿ. ಹಾಗಾಗಿ ಯಾರ ಶೈಲಿ ಎಷ್ಟು ಗಟ್ಟಿ ಅನ್ನುವುದು ನಕ್ಷೆಯ ಮೇಲಿನ ಬಣ್ಣ ನೋಡಿದರೆ ಗೊತ್ತಾಗುವುದಿಲ್ಲ. ಅರಸ ಸತ್ತ ಮೇಲಿನ ಐದು ವರ್ಷ ನೋಡಬೇಕು. ಪ್ರತಿ ಶೈಲಿಗೂ ಒಂದು ಬೆಲೆ ಇದೆ, ಅದನ್ನು ತೆರುವವನು ಮಗ.

ಅಣ್ಣನ ಮಗ ಏನು ತೆರುತ್ತಾನೆ ನೋಡೋಣ. ಅಣ್ಣನಿಗೆ ಯುದ್ಧ ಚೆನ್ನಾಗಿಯೇ ಬರುತ್ತಿರಬೇಕು. ಈ ಆಟದಲ್ಲಿ ಬರೀ ತಲೆ ಎಣಿಸಿ ಗೆಲ್ಲಲು ಆಗುವುದಿಲ್ಲ. ಕರೆದಾಗ ಬರುವ ಲೆವಿ ದಂಡು ಗುಂಪು ತುಂಬಿಸಲಿಕ್ಕೆ ಅಷ್ಟೇ. ಖರ್ಚು ಮಾಡಿ ಸಾಕುವ ಪಳಗಿದ ಪಡೆಗಳು, ಅಂದರೆ ಮೆನ್-ಅಟ್-ಆರ್ಮ್ಸ್, ಕೆಲಸ ಮುಗಿಸುತ್ತವೆ. ಈಟಿಯವರು ಕುದುರೆ ಪಡೆಯನ್ನು ತಡೆಯುತ್ತಾರೆ. ಭಾರಿ ಕಾಲಾಳುಗಳು ಈಟಿಯವರನ್ನು ಮುರಿಯುತ್ತಾರೆ. ಆ ಕಾಲಾಳುಗಳ ಬಲವನ್ನು ಹಗುರ ಆಯುಧದ ಸ್ಕರ್ಮಿಷರ್‌ಗಳು ತಗ್ಗಿಸಿದರೆ, ಅವರನ್ನು ಬಿಲ್ಲುಗಾರರು ನೋಡಿಕೊಳ್ಳುತ್ತಾರೆ. ಹೊಳೆ ದಾಟಿ ಮೇಲೆ ಬೀಳುವವನಿಗೆ ನಷ್ಟ, ಈಚೆ ದಡದಲ್ಲಿ ಕಾಯುವವನಿಗೆ ಲಾಭ. ಎದುರಾಳಿ ಅರಸನೇ ಸೆರೆ ಸಿಕ್ಕಿಬಿಟ್ಟರೆ ಯುದ್ಧ ಅಲ್ಲಿಗೇ ಮುಗಿದ ಹಾಗೆ. ಇಷ್ಟು ತಿಳಿದವನು ತನಗಿಂತ ದೊಡ್ಡ ದಂಡನ್ನೂ ಓಡಿಸುತ್ತಾನೆ.

ತೊಂದರೆ ಆಮೇಲೆ. ತಲೆ ಕಡಿಸಿ ಕಡಿಸಿ ಗಳಿಸಿದ ಹೆದರಿಕೆ, ಆಟದಲ್ಲಿ ಡ್ರೆಡ್ ಅನ್ನುತ್ತಾರಲ್ಲ, ಅದು ಅಪ್ಪನ ಜೊತೆಗೇ ಚಿತೆ ಏರುತ್ತದೆ. ಮಗನಿಗೆ ಬರುವುದಿಲ್ಲ. ಹೊಸ ಅರಸ ಅನ್ನುವ ಒಂದೇ ಕಾರಣಕ್ಕೆ ಸಾಮಂತರು ಮೂಗು ಮುರಿಯುತ್ತಾರೆ. ಖಜಾನೆ ಹಿಂದಿನ ಯುದ್ಧದಲ್ಲೇ ಖಾಲಿ. ಒಂದು ಬಣ ಸ್ವಾತಂತ್ರ್ಯ ಕೇಳುತ್ತದೆ, ಇನ್ನೊಂದು ಬಣ ಚಿಕ್ಕಪ್ಪನನ್ನು ಪಟ್ಟಕ್ಕೆ ತರಬೇಕು ಅನ್ನುತ್ತದೆ. ಇದರ ಮೇಲೆ ಹಿಸ್ಸೆ ಕಾನೂನು, ಅಂದರೆ ಅರಸ ಸತ್ತಾಗ ರಾಜ್ಯ ಮಕ್ಕಳಿಗೆ ಪಾಲಾಗುವ ನಿಯಮ. ಅದರಲ್ಲಿ ಕಾನ್ಫೆಡರೇಟ್ ಪಾರ್ಟಿಷನ್ ಅನ್ನುವ ಬಗೆ ಇದ್ದರೆ ಆಟ ಒಂದು ಕಿತಾಪತಿ ಮಾಡುತ್ತದೆ. ನಿಮ್ಮದಲ್ಲದ ಇನ್ನೊಂದು ರಾಜ್ಯದ ಅರ್ಧಕ್ಕಿಂತ ಹೆಚ್ಚು ಜಾಗ ನಿಮ್ಮ ಕೈಗೆ ಬಂದಿದ್ದರೆ, ನೀವು ಆ ಕಿರೀಟ ಮಾಡಿಸದೇ ಇದ್ದರೂ, ನೀವು ಸತ್ತಾಗ ಅದೇ ಕಿರೀಟ ಮಾಡಿ ಎರಡನೇ ಮಗನ ತಲೆಗೆ ಇಡುತ್ತದೆ. ಅಂದರೆ ಅಣ್ಣ ಕಷ್ಟಪಟ್ಟು ಗೆದ್ದಷ್ಟೂ ಮನೆಯೊಳಗೇ ಒಬ್ಬ ಎದುರಾಳಿ ಅರಸನನ್ನು ತಯಾರು ಮಾಡುತ್ತಿದ್ದಾನೆ.

ಇದೆಲ್ಲ ಸ್ವೀಡನ್ನಿನವರ ಕಲ್ಪನೆ ಅಂದುಕೊಳ್ಳಬೇಡಿ. ನೀವು ಆಟ ಶುರು ಮಾಡಿದ 1066ರಲ್ಲಿ ಕಲ್ಯಾಣದಲ್ಲಿದ್ದವನು ಒಂದನೇ ಸೋಮೇಶ್ವರ. ಅವನು 1068ರಲ್ಲಿ ಕಾಯಿಲೆ ವಾಸಿಯಾಗದೆ ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ಪ್ರಾಣ ಬಿಟ್ಟ. ಹಿರಿಯ ಮಗ ಎರಡನೇ ಸೋಮೇಶ್ವರನಿಗೆ ಪಟ್ಟ ಬಂತು. ಅವನ ತಮ್ಮ ವಿಕ್ರಮಾದಿತ್ಯ ಯುದ್ಧದಲ್ಲಿ ಪಳಗಿದವನೇ, ಆದರೂ ನೇರ ಅಣ್ಣನ ಮೇಲೆ ಬೀಳಲಿಲ್ಲ. ತಲೆಮಾರುಗಳಿಂದ ಚಾಲುಕ್ಯರ ವೈರಿಯಾಗಿದ್ದ ಚೋಳರ ಮನೆಯ ಹುಡುಗಿಯನ್ನು, ವೀರರಾಜೇಂದ್ರನ ಮಗಳನ್ನು, ಮದುವೆಯಾದ. ಸಾಮಂತರನ್ನು ತನ್ನ ಕಡೆ ಎಳೆದುಕೊಂಡ. ಗೋವೆಯ ಕದಂಬರ ಜಯಕೇಶಿ, ಅಂದರೆ ನಮ್ಮ ಕರಾವಳಿಯ ಪಕ್ಕದ ಮನೆಯವರೇ, ಅವನ ಬೆನ್ನಿಗಿದ್ದರು. 1076ರಲ್ಲಿ ಅಣ್ಣನನ್ನು ಇಳಿಸಿ ಪಟ್ಟಕ್ಕೆ ಬಂದು, ತನ್ನ ಹೆಸರಿನಲ್ಲೇ ಹೊಸ ಶಕೆ ಶುರು ಮಾಡಿ, 1126ರವರೆಗೆ ಆಳಿದ. ಐವತ್ತು ವರ್ಷ! ಮುಂದೆ ಮಗಳು ಮೈಲಲದೇವಿಯನ್ನು ಎರಡನೇ ಜಯಕೇಶಿಗೆ ಕೊಟ್ಟು ಗೋವೆಯ ನಂಟನ್ನು ಇನ್ನಷ್ಟು ಬಿಗಿ ಮಾಡಿಕೊಂಡ. ಮದುವೆ ಕುದುರಿಸುವುದು ಆಟವೇ ಅಲ್ಲ ಅನ್ನುವ ನಿಮ್ಮ ಅಣ್ಣನಿಗೆ ಇಷ್ಟು ಓದಿ ಹೇಳಿ.

ಇಷ್ಟು ಜಾಣನಾದ ವಿಕ್ರಮಾದಿತ್ಯನಿಗೂ ಹಿಸ್ಸೆಯ ಕಾಟ ತಪ್ಪಲಿಲ್ಲ. ಕೊನೆಯ ತಮ್ಮ ಜಯಸಿಂಹನಿಗೆ ಬನವಾಸಿಯ ಆಡಳಿತ ಕೊಟ್ಟ. ನಿಮ್ಮ ಮನೆಯಿಂದ ಬಸ್ಸು ಹತ್ತಿದರೆ ತಲುಪುವ ಅದೇ ಬನವಾಸಿ. ಅಲ್ಲಿ ಕೂತು ಬಲ ಕೂಡಿಸಿಕೊಂಡ ಜಯಸಿಂಹ ತಿರುಗಿಬಿದ್ದ. ಸೋತ, ಅದು ಬೇರೆ ಮಾತು.

ಈಗ ನಿಮ್ಮ ಆಟಕ್ಕೆ ಬರೋಣ. ನನ್ನದು ಕಾರವಾರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಲ್ಯಾಪ್‌ಟಾಪ್ ಬಿಸಿಯಾಗುತ್ತದೆ ಅಂತ ತರುವ ಹುಡುಗರು ಕೂತಲ್ಲೇ ತಮ್ಮ ರಾಜ್ಯವನ್ನೂ ತೋರಿಸುತ್ತಾರೆ. ಮನೆ ಕಟ್ಟಿಕೊಂಡು ಶಾಂತವಾಗಿ ಆಡುವವರ ಆಟ ಒಡೆಯುವುದು ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ. ನಿಮ್ಮದೂ ಹಾಗೇ ಇರಬೇಕು ಅಂತ ನನ್ನ ಊಹೆ.

ನೀವು ಆಡಳಿತದ ಕಡೆ ಒಲವಿರುವ ಅರಸನನ್ನು ಬೆಳೆಸುತ್ತೀರಿ. ಅವನ ಸ್ಟೀವರ್ಡ್‌ಶಿಪ್, ಅಂದರೆ ಆಡಳಿತದ ಜಾಣ್ಮೆ, ಜಾಸ್ತಿ. ಅದು ಜಾಸ್ತಿ ಇದ್ದಷ್ಟೂ ಸ್ವಂತ ಕೈಯಲ್ಲಿ ಇಟ್ಟುಕೊಳ್ಳಬಹುದಾದ ಜಾಗಗಳ ಮಿತಿಯೂ ಜಾಸ್ತಿ. ನೀವು ಮಿತಿ ಮುಟ್ಟುವವರೆಗೂ ಇಟ್ಟುಕೊಂಡು, ಎಲ್ಲ ಕಡೆ ಸಮನಾಗಿ ಕಟ್ಟಡ ಕಟ್ಟುತ್ತೀರಿ. ಅರಸ ಸಾಯುತ್ತಾನೆ. ಮಗನಿಗೆ ಅಪ್ಪನಷ್ಟು ಲೆಕ್ಕ ಬರುವುದಿಲ್ಲ. ಅವನ ಮಿತಿ ಕಡಿಮೆ. ಪಾಲಿಗೆ ಬಂದದ್ದು ಆ ಮಿತಿ ಮೀರಿದರೆ ಆದಾಯವೂ ದಂಡೂ ಕುಸಿಯುತ್ತವೆ. ಮಿತಿಯೊಳಗಿದ್ದರೆ, ನೀವು ಇಪ್ಪತ್ತು ವರ್ಷ ಚಿನ್ನ ಸುರಿದ ಒಳ್ಳೆಯ ಜಾಗ ಆಗಲೇ ಎರಡನೇ ಮಗನ ಪಾಲಾಗಿರುತ್ತದೆ. ಅವನೇನು ಸುಮ್ನೆ ಇರುತ್ತಾನಾ? ನಿಮ್ಮದೇ ದುಡ್ಡಿನ ದಂಡು ಕಟ್ಟಿಕೊಂಡು ಅಣ್ಣನ ಕುರ್ಚಿ ಕೇಳುತ್ತಾನೆ.

ಹಾಗಾಗಿ ಮೊದಲ ಕೆಲಸ: ಅರಸನಿಗೆ ನಲವತ್ತು ದಾಟುತ್ತಿದ್ದಂತೆ ವಾರಸುದಾರಿಕೆಯ ಪುಟ ತೆರೆದು, ಇವತ್ತೇ ಸತ್ತರೆ ಯಾರಿಗೆ ಏನು ಹೋಗುತ್ತದೆ ಅಂತ ನೋಡಿ. ಆಟ ಅದನ್ನು ಮುಚ್ಚಿಡುವುದಿಲ್ಲ, ಹೆಸರು ಹೆಸರಾಗಿ ತೋರಿಸುತ್ತದೆ. ಹಿಸ್ಸೆ ಎಷ್ಟೇ ಆಗಲಿ, ಮುಖ್ಯ ಕಿರೀಟ ಮತ್ತು ರಾಜಧಾನಿ ಪಟ್ಟಕ್ಕೆ ಬರುವವನಿಗೇ. ಅಂದಮೇಲೆ ಕಟ್ಟುವುದನ್ನೆಲ್ಲ ರಾಜಧಾನಿಯಲ್ಲೇ ಕಟ್ಟಿ. ಅಲ್ಲಿ ಜಾಗ ಮುಗಿದ ಮೇಲೆ ಪಕ್ಕದ್ದು. ಸ್ಟೀವರ್ಡ್ ಮಂತ್ರಿಯನ್ನೂ ಅಭಿವೃದ್ಧಿ ಕೆಲಸಕ್ಕೆ ಅಲ್ಲಿಗೇ ಹಾಕಿ, ಊರೂರು ತಿರುಗಿಸಬೇಡಿ. ಎರಡನೇ ಮಗ ದೊಡ್ಡವನಾದ ಕೂಡಲೇ ನೀವು ಬದುಕಿರುವಾಗಲೇ ಗಡಿಯ ಕಡೆ ಒಂದು ಸಾಧಾರಣ ಜಾಗ ಕೊಟ್ಟುಬಿಡಿ. ಪಾಲಿನ ಲೆಕ್ಕಕ್ಕೆ ಅದೂ ಬರುತ್ತದೆ, ಯಾವುದನ್ನು ಕೊಡಬೇಕು ಅನ್ನುವ ಆಯ್ಕೆ ನಿಮ್ಮ ಕೈಯಲ್ಲಿ ಉಳಿಯುತ್ತದೆ. ವಾರಸುದಾರಿಕೆಯಿಂದ ಹೊರಗೆ ಹಾಕುವ ದಾರಿಯೂ ಇದೆ. ಅದಕ್ಕೆ ನೀವು ವಂಶದ ಯಜಮಾನ ಆಗಿರಬೇಕು, ವಂಶದ ಕೀರ್ತಿಯಲ್ಲಿ ಒಂದಷ್ಟು ಕಳೆದುಕೊಳ್ಳಬೇಕು. ನಿಮ್ಮ ಸ್ವಭಾವದವರಿಗೆ ಅದು ಒಗ್ಗುವುದಿಲ್ಲ ಅಂತ ಕಾಣುತ್ತದೆ.

ಕಾನೂನು ಬದಲಿಸಿದರೆ ಆಯ್ತಲ್ಲ ಅನ್ನಬಹುದು. ಕಾನ್ಫೆಡರೇಟ್ ಬಿಟ್ಟು ಸಾದಾ ಪಾರ್ಟಿಷನ್‌ಗೆ ಹೋದರೆ ಸತ್ತಾಗ ಹೊಸ ಕಿರೀಟ ಹುಟ್ಟುವುದಾದರೂ ನಿಲ್ಲುತ್ತದೆ, ನಿಮ್ಮ ಸಂಸ್ಕೃತಿಗೆ ಅದರ ಇನ್ನೊವೇಷನ್, ಅಂದರೆ ಕಾಲಕ್ರಮದಲ್ಲಿ ಕಲಿಯುವ ಹೊಸ ಪದ್ಧತಿ, ಬಂದಿದೆಯಾ ನೋಡಿ. ಆದರೆ ಹಿರಿಯ ಮಗನಿಗೇ ಎಲ್ಲ ಹೋಗುವ ಪದ್ಧತಿ ಆಟದ ಕೊನೆಯ ಕಾಲಘಟ್ಟದ್ದು, ಅದು 1200ಕ್ಕೆ ಮುಂಚೆ ತೆರೆಯುವುದೇ ಇಲ್ಲ. ತೆರೆದ ಮೇಲೂ ಕಲಿತು ಮುಗಿಸಲು ವರ್ಷಗಳು ಬೇಕು. ನೀವಿರುವುದು 1166ರಲ್ಲಿ. ಕಡಿಮೆ ಅಂದರೂ ಇನ್ನೊಂದು ಹಿಸ್ಸೆ ನಿಮ್ಮ ಹಣೆಯಲ್ಲಿ ಬರೆದಿದೆ, ಅದಕ್ಕೆ ತಯಾರಾಗಿ.

ಮದುವೆಯ ವಿಷಯದಲ್ಲೂ ಒಂದು ಎಚ್ಚರ. ಅಂಕೋಲೆ ಕಡೆಯ ಒಬ್ಬ ಅಕ್ಕ, ಬ್ಯಾಂಕಿನಲ್ಲಿ ಕೆಲಸ, ಈ ಆಟವನ್ನು ಬರೀ ಬೀಗತನದಲ್ಲೇ ಆಡುತ್ತಾರೆ. ಅವರ ಆಟ ನೋಡುವುದೇ ಚಂದ. ಎಲ್ಲ ಮಕ್ಕಳಿಗೂ ದೊಡ್ಡ ಮನೆ ಹುಡುಕುವುದಿಲ್ಲ ಅವರು. ಗಡಿಗೆ ಅಂಟಿಕೊಂಡ, ಎರಡೇ ದಿಕ್ಕಿನಲ್ಲಿ ಶತ್ರುಗಳಿರುವ ಮನೆ ಹುಡುಕುತ್ತಾರೆ. ಯಾಕೆಂದರೆ ಬೀಗರು ಯುದ್ಧಕ್ಕೆ ಕರೆದರೆ ಹೋಗಲೇಬೇಕು. ಒಲ್ಲೆ ಅಂದರೆ ಪ್ರತಿಷ್ಠೆಯೂ ಹೋಯಿತು, ಮೈತ್ರಿಯೂ ಹೋಯಿತು. ಊರಿಗೆಲ್ಲ ಹೆಣ್ಣು ಕೊಟ್ಟವನಿಗೆ ವರ್ಷವಿಡೀ ಊರವರ ಯುದ್ಧವೇ. ‘ನಾನು ಶಾಂತಿಪ್ರಿಯ’ ಅನ್ನುವವರ ದಂಡು ಹಿಮಾಲಯದ ಬುಡದಲ್ಲಿ ಹಸಿವಿಗೆ ಸಾಯುವುದನ್ನು ನೋಡಿದ್ದೇನೆ. ಇನ್ನೊಂದು, ಅಪ್ಪನ ಮೈತ್ರಿ ಹಾಗೇ ಮಗನಿಗೆ ಬರುತ್ತದೆ ಅಂತ ನಂಬಿ ಕೂರಬೇಡಿ. ಪಟ್ಟ ಬದಲಾದ ದಿನವೇ ಆಟ ನಿಲ್ಲಿಸಿ, ಯಾರು ಉಳಿದಿದ್ದಾರೆ ನೋಡಿ, ಅಕ್ಕ ತಂಗಿಯರ ಸಂಬಂಧ ಹಿಡಿದು ಮತ್ತೆ ಮಾತುಕತೆ ಮಾಡಿ.

ನಿಮ್ಮ ಅಣ್ಣನಿಗೂ ನಿಮಗೂ ಗೊತ್ತಿಲ್ಲದ, ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಬೇರೆಯೇ ಇದೆ. ಆಡುವವನ ಶೈಲಿಗೂ ಪಾತ್ರದ ಸ್ವಭಾವಕ್ಕೂ ನಡುವಿನ ಜಗ್ಗಾಟ ಅದು. ಪ್ರತಿ ಪಾತ್ರಕ್ಕೂ ಗುಣಗಳಿವೆ. ದಯಾಳುವಾದ ಅರಸನಿಂದ ಸೆರೆಯಾಳಿನ ತಲೆ ತೆಗೆಸಿದರೆ ಅವನ ಸ್ಟ್ರೆಸ್ ಏರುತ್ತದೆ. ಜಿಪುಣನ ಕೈಯಿಂದ ಉಡುಗೊರೆ ಕೊಡಿಸಿದರೂ ಏರುತ್ತದೆ. ಕ್ರೂರಿಗೆ ಅದೇ ತಲೆ ತೆಗೆಸಿದರೆ ಮನಸ್ಸು ಹಗುರ. ಸ್ಟ್ರೆಸ್ ಮೂರು ಹಂತ ಏರುತ್ತದೆ, ನೂರು, ಇನ್ನೂರು, ಮುನ್ನೂರು. ಒಂದೊಂದು ಹಂತ ಮುಟ್ಟಿದಾಗಲೂ ಮನುಷ್ಯ ಒಂದು ಸಲ ಕುಸಿಯುತ್ತಾನೆ. ಕುಡಿತ ಹತ್ತಬಹುದು, ಆರೋಗ್ಯ ಕೆಡುತ್ತದೆ, ಮೂರನೆಯದರಲ್ಲಿ ಜೀವಕ್ಕೇ ಬರಬಹುದು.

ತಾಳಮದ್ದಳೆ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೌರವನ ಅರ್ಥ ಹೇಳಲು ಕೂತವರು ಮನೆಯಲ್ಲಿ ಎಷ್ಟೇ ಸಾಧುವಾಗಿರಲಿ, ಅವತ್ತು ಕೌರವನ ಕಡೆಯಿಂದಲೇ ವಾದಿಸಬೇಕು, ಸಂಧಾನಕ್ಕೆ ಒಪ್ಪಿಬಿಡುವ ಹಾಗಿಲ್ಲ. ಆದರೂ ಒಬ್ಬರ ಕೌರವ ಛಲವಂತ, ಇನ್ನೊಬ್ಬರ ಕೌರವ ನೊಂದವನು. ಪದ್ಯ ಒಂದೇ, ಅರ್ಥಧಾರಿಯ ಕಸುಬು ಬೇರೆ. ಈ ಆಟದಲ್ಲಿ ಶೈಲಿ ಅಂದರೆ ನನ್ನ ಪ್ರಕಾರ ಅಷ್ಟೇ. ಸಿಟ್ಟಿನ, ಯುದ್ಧವಿದ್ಯೆ ಕಲಿತ ಮಗ ಪಟ್ಟಕ್ಕೆ ಬಂದಾಗಲೂ ನೀವು ಹಿಂದಿನ ಹಾಗೇ ತೋಟ ಮಾಡಿಕೊಂಡು ಕೂತರೆ ಅದು ನಿಮ್ಮ ಶೈಲಿಯಲ್ಲ, ನಿಮ್ಮ ಅಭ್ಯಾಸ. ಅವನ ಕಾಲದಲ್ಲಿ ಒಂದು ಯುದ್ಧ ಮಾಡಿ. ಪುರೋಹಿತನಿಂದ ಒಂದು ಜಾಗದ ಮೇಲೆ ಹಕ್ಕು ಹುಟ್ಟುಹಾಕಿಸಿ, ಅಷ್ಟನ್ನೇ ಗೆದ್ದು ನಿಲ್ಲಿಸಿ. ಅಣ್ಣನಾದರೆ ನಿಲ್ಲಿಸುವುದಿಲ್ಲ, ನೀವು ನಿಲ್ಲಿಸುತ್ತೀರಿ. ವ್ಯತ್ಯಾಸ ಕಾಣುವುದು ಅಲ್ಲಿ. ಹಾಗೇ ಅಣ್ಣನಿಗೊಬ್ಬ ನಾಚಿಕೆ ಸ್ವಭಾವದ, ಓದು ಹಿಡಿದ ಮಗ ಹುಟ್ಟಿದಾಗ ಅವನೇನು ಮಾಡುತ್ತಾನೆ ಕೇಳಿ ನೋಡಿ. ಬಹುಶಃ ಬೇಟೆಗೆ ಕಳಿಸಿ ಸ್ಟ್ರೆಸ್ ಇಳಿಸುತ್ತಾ ಮತ್ತದೇ ಯುದ್ಧ.

ಒಳಸಂಚಿನ ಶೈಲಿಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ನೀವು ಕೇಳಿಲ್ಲ. ಒಂದು ಮಾತು ಮಾತ್ರ. ಬೇಹುಗಾರ ಮಂತ್ರಿಯನ್ನು ಸ್ವಂತ ಆಸ್ಥಾನದಲ್ಲೇ ಗುಟ್ಟು ಹುಡುಕಲು ಬಿಡಿ. ಸಿಕ್ಕ ಗುಟ್ಟಿನಿಂದ ಬಲವಾದ ಸಾಮಂತನ ಜುಟ್ಟು ಕೈಗೆ ಬಂದರೆ, ಅದನ್ನು ಬಳಸದೆ ಹಿಡಿದುಕೊಂಡೇ ಇದ್ದರೂ ಸಾಕು. ಈ ಹಿಡಿತಕ್ಕೆ ಆಟದಲ್ಲಿ ಹುಕ್ ಅನ್ನುತ್ತಾರೆ, ಬಲವಾದ ಹುಕ್ ಇದ್ದಷ್ಟು ದಿನ ಅವನು ನಿಮ್ಮ ವಿರುದ್ಧದ ಬಣ ಸೇರುವಂತಿಲ್ಲ. ಕೊಲೆ, ವಿಷ ಯಾವುದೂ ಬೇಡ. ಕೋಡಿಬಾಗದ ಒಬ್ಬ ಹುಡುಗ ಒಂದು ತಲೆಮಾರನ್ನು ಹೀಗೇ ದಾಟಿಸಿದ, ಒಂದು ಹನಿ ರಕ್ತ ಇಲ್ಲದೆ.

ನಿಮ್ಮ ಶೈಲಿ ನಿಜವಾಗಿ ಯಾವುದು ಅಂತ ತಿಳಿಯಬೇಕಾದರೆ ಗೆದ್ದ ಜಾಗದ ಪಟ್ಟಿ ಮಾಡಬೇಡಿ. ನೀವು ಆಟವನ್ನು ಎಲ್ಲಿ ನಿಲ್ಲಿಸುತ್ತೀರಿ ಗಮನಿಸಿ. ಸ್ಪೇಸ್ ಬಾರ್ ಒತ್ತುವುದು ದಂಡು ಗಡಿ ದಾಟುವಾಗಲಾ, ಮಗು ಹುಟ್ಟಿದಾಗಲಾ, ಖಜಾನೆ ತುಂಬಿದಾಗಲಾ? ಇನ್ನೊಂದು ಜಾಗ ಸೆರೆಮನೆ. ಒಬ್ಬ ಸೆರೆಯಾಳು ಸಿಕ್ಕಿದ ಅನ್ನಿ. ದಂಡ ಕಟ್ಟಿಸಿಕೊಂಡು ಬಿಡುತ್ತೀರಾ, ಅವನ ಹಕ್ಕು ಬಿಡಿಸಿ ಬಿಡುತ್ತೀರಾ, ಕೊಳೆಯಲು ಬಿಡುತ್ತೀರಾ, ತಲೆ ತೆಗೆಸುತ್ತೀರಾ? ಯಾರೂ ನೋಡದಿದ್ದಾಗ ನೀವು ಮಾಡುವ ಆಯ್ಕೆ ಅದು, ಯೂಟ್ಯೂಬ್‌ನವರನ್ನು ನೋಡಿ ಕಲಿತದ್ದಲ್ಲ. ಆ ವಿಡಿಯೋಗಳನ್ನು ನೋಡಬೇಡಿ ಅನ್ನುವುದಿಲ್ಲ. ಆದರೆ ನೆನಪಿರಲಿ, ಅವರು ತೋರಿಸುವುದು ವೇಗ. ಮೂವತ್ತು ವರ್ಷ ಏನೂ ಆಗದ ರಾಜ್ಯವನ್ನು ಅವರು ತೋರಿಸಿದರೆ ಯಾರು ನೋಡುತ್ತಾರೆ?

ನಮ್ಮ ಕಡೆಯ ಹುಡುಗರು ಕೇಳುವ ಇನ್ನೊಂದು ಪ್ರಶ್ನೆಗೂ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ. ಗೇರುಸೊಪ್ಪೆಯ ಚೆನ್ನಭೈರಾದೇವಿ ಈ ಆಟದಲ್ಲಿ ಸಿಗುವುದಿಲ್ಲ. ಆಕೆ 16ನೇ ಶತಮಾನದವಳು, ಆಟ 1453ಕ್ಕೇ ಮುಗಿಯುತ್ತದೆ. ಕಾಳುಮೆಣಸು ಮಾರಿ, ಪೋರ್ಚುಗೀಸರ ಜೊತೆ ಒಮ್ಮೆ ಜಗಳ ಒಮ್ಮೆ ವ್ಯಾಪಾರ ಅಂತ ಅರ್ಧ ಶತಮಾನ ತೂಗಿಸಿದವಳ ಶೈಲಿಯಲ್ಲಿ ಆಡಬೇಕು ಅನ್ನಿಸಿದರೆ ಪಾತ್ರ ರಚಿಸುವ ಸೌಲಭ್ಯ ಇದೆ, ಒಬ್ಬ ರಾಣಿಯನ್ನು ಮಾಡಿಕೊಂಡು ಶುರು ಮಾಡಿ.

ಶಿರಸಿ ಮಳೆಗಾಲ ಅಂದಿರಿ, ಹಾಗಾಗಿ ಇದೂ ಇರಲಿ. ಐರನ್‌ಮ್ಯಾನ್ ಅನ್ನುವ ವಿಧಾನದಲ್ಲಿ ಆಡುತ್ತಿದ್ದರೆ ಇರುವುದು ಒಂದೇ ಸೇವ್ ಫೈಲ್. ಬ್ಯಾಟರಿ ಸತ್ತ ಹಳೇ ಲ್ಯಾಪ್‌ಟಾಪ್‌ನಲ್ಲಿ, ಸೇವ್ ಆಗುವ ಹೊತ್ತಿಗೇ ಕರೆಂಟ್ ಹೋದರೆ ಅದು ಕೆಡುವ ಸಾಧ್ಯತೆ ಇದೆ. ಮಳೆ ಮುಗಿಯುವವರೆಗೆ ಸಾದಾ ಆಟವೇ ಆಡಿ. ಆಟೋಸೇವ್ ವರ್ಷಕ್ಕೊಮ್ಮೆ ಇಡಿ, ಪಟ್ಟ ಬದಲಾಗುವ ಮುಂಚೆ ಬೇರೆ ಹೆಸರಲ್ಲಿ ಒಂದು ಸೇವ್ ಮಾಡಿಕೊಳ್ಳಿ.

ಅಣ್ಣ ಮತ್ತೆ ನಕ್ಕರೆ ಒಂದು ಪಂದ್ಯ ಕಟ್ಟಿ. ಇಬ್ಬರೂ ಸೇವ್ ಫೈಲ್ ಅದಲುಬದಲು ಮಾಡಿಕೊಳ್ಳಿ. ಅವನ ಅರಸ ಸತ್ತ ದಿನದಿಂದ ಹತ್ತು ವರ್ಷ ನೀವು ಆಡಿ, ನಿಮ್ಮ ಅರಸ ಸತ್ತ ದಿನದಿಂದ ಹತ್ತು ವರ್ಷ ಅವನು ಆಡಲಿ. ಯಾರ ಕೈಯಲ್ಲಿ ಎಷ್ಟು ಉಳಿಯಿತು ಅಂತ ಆಮೇಲೆ ಲೆಕ್ಕ ಹಾಕಿ. ನನ್ನ ಬೆಟ್ಟು ನಿಮ್ಮ ಮೇಲೆ. ಎರಡೂ ಲ್ಯಾಪ್‌ಟಾಪ್‌ನಲ್ಲಿ ಆಟದ ಆವೃತ್ತಿ, ಡಿಎಲ್‌ಸಿ (ಬೇರೆಯಾಗಿ ಸೇರಿಸಿಕೊಳ್ಳುವ ಹೆಚ್ಚುವರಿ ಭಾಗ), ಮಾಡ್ (ಆಟಗಾರರೇ ಮಾಡಿದ ಬದಲಾವಣೆ) ಎಲ್ಲ ಒಂದೇ ಇರಬೇಕು, ಇಲ್ಲದಿದ್ದರೆ ಫೈಲ್ ಸರಿಯಾಗಿ ತೆರೆಯುವುದಿಲ್ಲ.